ಬ್ರೆಸ್ಟ್ ಇಂಪ್ಲಾಂಟ್ ಆಪರೇಷನ್ ಆದ ಮೇಲೆ ಚೇತರಿಕೆ: ಮೊದಲ ರಾತ್ರಿಯಿಂದ ಮೊದಲ ವರ್ಷದವರೆಗೆ

ಮೊಲೆಯೊಳಗೆ ಇಂಪ್ಲಾಂಟ್, ಅಂದರೆ ಸಿಲಿಕೋನ್ ಜೆಲ್ ಅಥವಾ ಉಪ್ಪುನೀರು ತುಂಬಿದ ಚೀಲ ಇಡುವ ಆಪರೇಷನ್ ಮುಗಿಯುವುದು ಒಂದೆರಡು ಗಂಟೆಯಲ್ಲಿ. ಹೆಚ್ಚಿನವರು ಅದೇ ದಿನ ಮನೆ ಸೇರುತ್ತಾರೆ. ಆಮೇಲಿನ ಚೇತರಿಕೆ ಮಾತ್ರ ತಿಂಗಳುಗಟ್ಟಲೆ ನಡೆಯುತ್ತದೆ, ಅದರಲ್ಲಿ ದೊಡ್ಡ ಪಾಲು ನಿಮ್ಮ ಕೈಯಲ್ಲೇ ಇರುತ್ತದೆ. ಎಲ್ಲರೂ ಹೆದರುವುದು ಮೊದಲ ಮೂರು ದಿನದ ನೋವಿಗೆ. ನಿಜ ಹೇಳಬೇಕೆಂದರೆ ಆ ಮೂರು ದಿನ ಎಡವಟ್ಟು ಮಾಡಿಕೊಳ್ಳುವವರು ಕಡಿಮೆ, ನೋವೇ ಹಿಡಿದು ಕೂರಿಸಿರುತ್ತದೆ. ಎಡವಟ್ಟಾಗುವುದು ಎರಡನೇ ವಾರದಲ್ಲಿ. ಆಗ ನೋವು ಇಳಿದಿರುತ್ತದೆ, ಒಳಗಿನ ಗಾಯ ಇನ್ನೂ ಹಸಿಯಾಗಿರುತ್ತದೆ.

ಇಲ್ಲಿರುವ ದಿನ, ವಾರಗಳ ಲೆಕ್ಕ ಸಾಮಾನ್ಯ ಅಂದಾಜು. ನಿಮ್ಮ ಸರ್ಜನ್ ಬೇರೆ ಹೇಳಿದ್ದರೆ ಅವರ ಮಾತನ್ನೇ ಕೇಳಿ. ಒಳಗೆ ಏನೇನು ಮಾಡಿದ್ದಾರೆ ಅಂತ ಸರಿಯಾಗಿ ಗೊತ್ತಿರುವುದು ಅವರಿಗೆ.

ನಿಮಗೆ ಆಗಿದ್ದು ಯಾವ ಆಪರೇಷನ್?

ಇದನ್ನು ಕೇಳಿ ತಿಳಿದುಕೊಳ್ಳದೆ ಆಸ್ಪತ್ರೆಯಿಂದ ಹೊರಡಬೇಡಿ. ಇಂಪ್ಲಾಂಟನ್ನು ಎದೆಯ ದೊಡ್ಡ ಸ್ನಾಯುವಿನ ಮೇಲೆ ಇಡಬಹುದು, ಇಲ್ಲವೇ ಅದರ ಕೆಳಗೆ ಇಡಬಹುದು. ಮೇಲ್ಭಾಗ ಸ್ನಾಯುವಿನ ಕೆಳಗೆ, ಕೆಳಭಾಗ ಹೊರಗೆ ಬರುವಂತೆ ಇಡುವ ವಿಧಾನವೂ ಇದೆ. ಸ್ನಾಯುವಿನ ಕೆಳಗೆ ಇಟ್ಟಿದ್ದರೆ ಶುರುವಿನಲ್ಲಿ ನೋವು, ಬಿಗಿತ ಎರಡೂ ಜಾಸ್ತಿ. ಬಾಗಿಲು ತಳ್ಳುವಾಗ, ಬಾಟಲಿಯ ಮುಚ್ಚಳ ತಿರುಗಿಸುವಾಗ, ಹಾಸಿಗೆಗೆ ಕೈ ಊರಿ ಏಳುವಾಗ ಕೆಲಸ ಮಾಡುವುದು ಅದೇ ಸ್ನಾಯು. ಹಾಗಾಗಿ ಇಂಥ ಸಣ್ಣ ಕೆಲಸಗಳೇ ಮೊದಲ ವಾರ ದೊಡ್ಡದಾಗಿ ಕಾಡುತ್ತವೆ.

ಕೊಯ್ದಿದ್ದು ಎಲ್ಲಿ ಅನ್ನುವುದೂ ಮುಖ್ಯ. ಸಾಮಾನ್ಯವಾಗಿ ಮೊಲೆಯ ಕೆಳಗಿನ ಮಡಿಕೆಯಲ್ಲಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ, ಇಲ್ಲವೇ ಕಂಕುಳಲ್ಲಿ. ಕಂಕುಳಲ್ಲಿ ಹೊಲಿಗೆ ಇದ್ದರೆ ಡಿಯೋಡರೆಂಟ್, ರೇಜರ್ ಎರಡನ್ನೂ ಡಾಕ್ಟರ್ ಹೇಳುವವರೆಗೆ ದೂರ ಇಡಿ.

ಹೋಗುವ ಮೊದಲೇ ಮನೆ ಸಜ್ಜು ಮಾಡಿ

ವಾಪಸ್ ಬಂದಾಗ ಕೈ ಭುಜಕ್ಕಿಂತ ಮೇಲೆ ಹೋಗುವುದಿಲ್ಲ ಅಂತ ಅಂದುಕೊಂಡು ಮನೆಯನ್ನೊಮ್ಮೆ ಸುತ್ತಿ ಬನ್ನಿ. ಮೇಲಿನ ಕಪಾಟಿನಲ್ಲಿರುವ ಲೋಟ, ತಟ್ಟೆ, ಟವೆಲ್ ಎಲ್ಲವೂ ಸೊಂಟದ ಎತ್ತರಕ್ಕೆ ಇಳಿಯಲಿ. ಬಿಗಿ ಮುಚ್ಚಳದ ಡಬ್ಬಿ, ಮಾತ್ರೆಯ ಬಾಟಲಿಗಳನ್ನು ಒಮ್ಮೆ ತೆರೆದು ಸಡಿಲವಾಗಿ ಮುಚ್ಚಿಡಿ. ತಲೆಯ ಮೇಲಿಂದ ಹಾಕುವ ಬಟ್ಟೆ ಬೇಡ, ಮುಂದೆ ಗುಂಡಿ ಅಥವಾ ಜಿಪ್ ಇರುವಂಥವು ನಾಲ್ಕೈದು ಸಾಕು. ಮೂರು ನಾಲ್ಕು ದಿಂಬು, ಉದ್ದ ವೈರಿನ ಚಾರ್ಜರ್, ಮೆತ್ತಗಿನ ಊಟಕ್ಕೆ ಬೇಕಾದ ಸಾಮಾನು ಕೈಗೆ ಸಿಗುವಂತಿರಲಿ. ಹೊರಡುವ ದಿನವೇ ತಲೆಗೆ ಸ್ನಾನ ಮಾಡಿಕೊಳ್ಳಿ, ಮುಂದಿನ ತಲೆಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾಗಬಹುದು.

ಚಿಕ್ಕ ಮಗು ಮನೆಯಲ್ಲಿದ್ದರೆ ಇದಕ್ಕಿಂತ ದೊಡ್ಡ ತಯಾರಿ ಬೇಕು. ಮಗುವನ್ನು ಎತ್ತಿಕೊಳ್ಳುವುದಕ್ಕೆ ಕೆಲವು ವಾರ ಬೇರೆಯವರು ಇರಲೇಬೇಕು. ನೀವು ಸೋಫಾದಲ್ಲಿ ಕೂತು, ಮಗುವೇ ಹತ್ತಿ ಪಕ್ಕಕ್ಕೆ ಬರುವಂತೆ ಮೊದಲೇ ಅಭ್ಯಾಸ ಮಾಡಿಸಿ. ಮಗು ಒಮ್ಮೆಲೇ ಎದೆಗೆ ಹಾರಿದರೆ ತಡೆಯಲು ತೊಡೆಯ ಮೇಲೆ ಒಂದು ದಿಂಬು ಇಟ್ಟುಕೊಂಡಿರಿ.

ಸಿಗರೇಟ್ ಸೇದುವವರು ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲು ಬಿಡಬೇಕು, ಆಮೇಲೂ ಅಷ್ಟೇ ಕಾಲ ಮುಟ್ಟಬಾರದು. ನಿಕೋಟಿನ್ ರಕ್ತನಾಳಗಳನ್ನು ಕಿರಿದು ಮಾಡುತ್ತದೆ, ಹೊಲಿಗೆ ಹಾಕಿದ ಚರ್ಮಕ್ಕೆ ರಕ್ತ ಸಾಲದೆ ಹೋಗುತ್ತದೆ. ವೇಪ್, ಅಂದರೆ ಇ-ಸಿಗರೇಟಿನಲ್ಲಿರುವುದೂ ಅದೇ ನಿಕೋಟಿನ್. ಪ್ಯಾಚ್, ಚೂಯಿಂಗ್ ಗಮ್ ಬಳಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಮೊದಲ ರಾತ್ರಿ

ಪೂರ್ತಿ ಅರಿವಳಿಕೆ ಕೊಟ್ಟಿರುತ್ತಾರೆ, ಆದ್ದರಿಂದ ಮೊದಲ 24 ಗಂಟೆ ಜೊತೆಗೆ ದೊಡ್ಡವರು ಒಬ್ಬರು ಇರಲೇಬೇಕು. ಗಾಡಿ ಓಡಿಸುವುದು, ಕಾಗದಪತ್ರಕ್ಕೆ ಸಹಿ ಹಾಕುವುದು, ಮದ್ಯ ಎಲ್ಲಕ್ಕೂ ರಜೆ. ವಾಕರಿಕೆ ಇರಬಹುದು. ಗುಟುಕು ಗುಟುಕಾಗಿ ನೀರು ಕುಡಿದು, ಹಗುರವಾದದ್ದೇನಾದರೂ ತಿನ್ನಿ. ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಿದರೆ ವಾಕರಿಕೆ ಇನ್ನೂ ಜಾಸ್ತಿಯಾಗುತ್ತದೆ.

ಎದೆಯ ಮೇಲೆ ಯಾರೋ ಕೂತ ಹಾಗೆ ಅನಿಸುತ್ತದೆ. ಉಸಿರನ್ನು ಪೂರ್ತಿ ಎಳೆದುಕೊಳ್ಳಲು ಹಿಂಜರಿಕೆಯಾಗುತ್ತದೆ. ಆದರೂ ಎಚ್ಚರವಿರುವಾಗ ಗಂಟೆಗೊಮ್ಮೆ ನಾಲ್ಕೈದು ಸಲ ನಿಧಾನವಾಗಿ ಆಳವಾಗಿ ಉಸಿರಾಡಿ. ಅದೇ ದಿನ ಮನೆಯೊಳಗೆ ಹತ್ತು ಹೆಜ್ಜೆಯಾದರೂ ನಡೆಯಿರಿ. ಕಾಲಿನ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಸುಲಭ ಉಪಾಯ ನಡಿಗೆಯೇ.

ಬೆನ್ನ ಮೇಲೆ ಮಲಗಿ, ಸೊಂಟದಿಂದ ಮೇಲಿನ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ. ತಲೆಯ ಕೆಳಗೆ ಮಾತ್ರ ದಿಂಬು ಪೇರಿಸಿದರೆ ಕುತ್ತಿಗೆ ಹಿಡಿಯುತ್ತದೆ, ಬೆನ್ನಿನಿಂದಲೇ ಇಳಿಜಾರು ಕಟ್ಟಿ. ಮೊಣಕಾಲಿನ ಕೆಳಗೆ ಒಂದು ದಿಂಬು, ಎರಡೂ ಪಕ್ಕೆಗೆ ಒಂದೊಂದು. ಪಕ್ಕದ ದಿಂಬುಗಳು ನಿದ್ದೆಯಲ್ಲಿ ಹೊರಳದಂತೆ ತಡೆಯುತ್ತವೆ.

ಇನ್ನು ಏಳುವುದು. ಮೊದಲ ವಾರ ಅತಿ ಹೆಚ್ಚು ನೋವು ಕೊಡುವ ಕೆಲಸ ಇದೇ. ಮೊಣಕಾಲು ಮಡಚಿ, ಹಾಸಿಗೆಯ ಅಂಚಿನತ್ತ ಸರಿಯಿರಿ. ಕಾಲುಗಳನ್ನು ಕೆಳಗೆ ಇಳಿಬಿಡಿ. ಕಾಲಿನ ಭಾರಕ್ಕೆ ದೇಹ ತಾನಾಗಿ ಮೇಲೇಳುತ್ತದೆ. ಅದೇ ಹೊತ್ತಿಗೆ ಜೊತೆಗಿರುವವರು ಎರಡು ಭುಜದ ಮೂಳೆಗಳ ನಡುವೆ ಅಂಗೈ ಇಟ್ಟು ಮೆಲ್ಲಗೆ ಒತ್ತು ಕೊಡಲಿ. ಪ್ರೀತಿಯಿಂದಲೇ ಆಗಲಿ, ಕೈ ಹಿಡಿದು ಎಳೆಯಬಾರದು. ಆ ಎಳೆತ ನೇರವಾಗಿ ಎದೆಯ ಸ್ನಾಯುವಿಗೇ ಬೀಳುತ್ತದೆ. ಇದನ್ನು ಆಪರೇಷನ್‌ಗೆ ಮೊದಲೇ ಇಬ್ಬರೂ ಒಂದೆರಡು ಸಲ ಮಾಡಿ ನೋಡಿಕೊಳ್ಳುವುದು ಒಳ್ಳೆಯದು.

ಐದನೇ ದಿನದವರೆಗೆ

ನೋವು ಜೋರಾಗಿರುವುದು ಮೊದಲ 48ರಿಂದ 72 ಗಂಟೆ. ತಡೆಯಲಾಗದಷ್ಟು ಆಗುವವರೆಗೂ ಕಾಯದೆ, ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ. ಯಾವ ಮಾತ್ರೆ ಎಷ್ಟು ಗಂಟೆಗೆ ಅಂತ ಒಂದು ಹಾಳೆಯಲ್ಲಿ ಬರೆದಿಡಿ, ಮಂಪರಿನಲ್ಲಿ ನೆನಪಿರುವುದಿಲ್ಲ. ಒಂದು ವಿಷಯ ಗಮನಿಸಿ: ಕೆಲವು ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಬೆರೆತಿರುತ್ತದೆ. ಗೊತ್ತಿಲ್ಲದೆ ಅದರ ಮೇಲೆ ಇನ್ನೊಂದು ಪ್ಯಾರಾಸಿಟಮಾಲ್ ನುಂಗಿದರೆ ಲಿವರಿಗೆ ಪೆಟ್ಟು. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಆಸ್ಪಿರಿನ್, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ವಿಟಮಿನ್ ಇ ಮಾತ್ರೆ ಇವುಗಳನ್ನು ಕೇಳದೆ ಶುರು ಮಾಡಬೇಡಿ, ರಕ್ತಸ್ರಾವಕ್ಕೆ ದಾರಿಯಾಗಬಹುದು. ಹೃದಯದ ತೊಂದರೆಗೆ ಮೊದಲಿನಿಂದಲೂ ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ಯಾವಾಗ ಬಿಡಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಅಂತ ಡಾಕ್ಟರಿಂದಲೇ ಬರೆಸಿಕೊಳ್ಳಲಿ. ಆಂಟಿಬಯೋಟಿಕ್ ಬರೆದಿದ್ದರೆ ಕೋರ್ಸ್ ಪೂರ್ತಿ ಮುಗಿಸಿ.

ಬಲವಾದ ನೋವಿನ ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ. ಇದನ್ನು ಹೇಳಿಕೊಳ್ಳಲು ನಾಚಿಕೊಂಡು ಒದ್ದಾಡುವವರೇ ಜಾಸ್ತಿ. ಮುಕ್ಕರಿದಾಗ ಎದೆಯ ಮೇಲೂ ಒತ್ತಡ ಬೀಳುತ್ತದೆ, ಅದಕ್ಕೇ ನಾಲ್ಕು ದಿನ ಕಾಯುವುದು ಬೇಡ. ನೀರು, ನಾರಿನಂಶದ ಊಟ, ನಡಿಗೆ ಮೂರನ್ನೂ ಮೊದಲ ದಿನದಿಂದಲೇ ಶುರು ಮಾಡಿ. ಮಲ ಸಡಿಲಿಸುವ ಔಷಧಿಯನ್ನೂ ಆಗಲೇ ಬರೆಸಿಕೊಂಡು ಬನ್ನಿ.

ಸ್ನಾನಕ್ಕೆ ಒಬ್ಬೊಬ್ಬ ಸರ್ಜನ್ ಒಂದೊಂದು ಲೆಕ್ಕ ಹೇಳುತ್ತಾರೆ, ಹೆಚ್ಚಾಗಿ 24ರಿಂದ 48 ಗಂಟೆಯ ನಂತರ. ಉಗುರುಬೆಚ್ಚಗಿನ ನೀರು ಬೆನ್ನಿನ ಕಡೆಯಿಂದ ಬೀಳಲಿ. ಹೊಲಿಗೆಯನ್ನು ಉಜ್ಜದೆ, ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿ. ಮೇಲಿನ ಪೇಪರ್ ಪಟ್ಟಿಗಳು ತಾವಾಗಿಯೇ ಉದುರಲಿ, ಅಂಚು ಎದ್ದಿದೆ ಅಂತ ಸುಮ್ನೆ ಕೀಳಬೇಡಿ. ಟಬ್, ಈಜುಕೊಳ, ಕೆರೆ, ಸಮುದ್ರ ಎಲ್ಲವೂ ನಾಲ್ಕರಿಂದ ಆರು ವಾರ ದೂರ.

ಕೆಲವರಿಗೆ ಡ್ರೈನ್ ಕೊಳವೆ ಹಾಕಿ ಕಳಿಸುತ್ತಾರೆ. ಅದರಲ್ಲಿ ಕೂಡುವ ದ್ರವವನ್ನು ದಿನವೂ ಅಳೆದು, ಎಡ ಬಲ ಬೇರೆ ಬೇರೆಯಾಗಿ ಬರೆದಿಡಿ. ದಿನಕ್ಕೆ ಸುಮಾರು 30 ಮಿಲೀಗಿಂತ ಕಡಿಮೆಯಾದಾಗ ಸಾಮಾನ್ಯವಾಗಿ ತೆಗೆಯುತ್ತಾರೆ.

ಎದೆಯ ಚರ್ಮ ಮರಗಟ್ಟಿರುತ್ತದೆ, ಬಿಸಿ ತಣ್ಣಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್ ಬೇಡವೇ ಬೇಡ, ಸುಟ್ಟರೂ ತಿಳಿಯದು. ಐಸನ್ನೂ ನೇರವಾಗಿ ಇಡಬಾರದು. ಡಾಕ್ಟರ್ ಒಪ್ಪಿದ್ದರೆ ಮಾತ್ರ, ಅದೂ ಬಟ್ಟೆಯಲ್ಲಿ ಸುತ್ತಿ, ಸ್ವಲ್ಪ ಹೊತ್ತು.

ಮೂರನೇ ನಾಲ್ಕನೇ ದಿನದ ಸುಮಾರಿಗೆ ಅಳು ಬರಬಹುದು. ಕನ್ನಡಿಯಲ್ಲಿ ಎದೆ ಗಟ್ಟಿಯಾಗಿ, ಹೊಳೆಯುತ್ತಾ, ಕುತ್ತಿಗೆಯ ಹತ್ತಿರ ಹತ್ತಿರ ಕೂತಂತೆ ಕಾಣುತ್ತದೆ. ಇದಕ್ಕಾ ಇಷ್ಟೆಲ್ಲ ಮಾಡಿಸಿಕೊಂಡೆ ಅನಿಸುತ್ತದೆ. ಅರಿವಳಿಕೆ, ಮಾತ್ರೆ, ನಿದ್ದೆಗೇಡು, ಊತ ಎಲ್ಲ ಸೇರಿ ಹಾಗೆ ಮಾಡುತ್ತವೆ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ವಾರಗಳಾದರೂ ಮನಸ್ಸು ಮೇಲೇಳದಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ದಿನಕ್ಕೆರಡು ಸಲ ಎಡ ಬಲ ಹೋಲಿಸಿ

ಈ ಇಡೀ ಬರಹದಲ್ಲಿ ಒಂದೇ ಒಂದು ಅಭ್ಯಾಸ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದೇ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು ಎರಡೂ ಕಡೆ ನೋಡಿ. ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು, ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಊದಿದ್ದು, ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಒಂದೇ ಕಡೆ ಜಾಸ್ತಿಯಾಗುತ್ತಿದ್ದರೆ, ಅಥವಾ ಇಳಿದ ನೋವು ಮತ್ತೆ ಏರುತ್ತಿದ್ದರೆ ತಡ ಮಾಡಬೇಡಿ.

ಒಂದು ಮೊಲೆ ಒಮ್ಮೆಲೇ ದೊಡ್ಡದಾಗಿ, ಕಲ್ಲಿನಂತೆ ಬಿಗಿದು, ನೀಲಿಗಟ್ಟಿ, ಮಾತ್ರೆಗೂ ಬಗ್ಗದ ನೋವು ಬಂದರೆ ಒಳಗೆ ರಕ್ತ ತುಂಬುತ್ತಿರಬಹುದು. ಇದು ಹೆಚ್ಚಾಗಿ ಮೊದಲ ಒಂದೆರಡು ದಿನದಲ್ಲೇ ಕಾಣಿಸುತ್ತದೆ. ಮಧ್ಯರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಹೋಗಿ. ಮತ್ತೆ ಆಪರೇಷನ್ ಕೋಣೆಗೆ ಕರೆದೊಯ್ದು ರಕ್ತ ತೆಗೆಯಬೇಕಾಗಬಹುದು, ಆದ್ದರಿಂದ ದಾರಿಯಲ್ಲಿ ಏನೂ ತಿನ್ನಬೇಡಿ, ಕುಡಿಯಬೇಡಿ.

ಸೋಂಕು ನಿಧಾನವಾಗಿ ಬರುತ್ತದೆ, ಕೆಲವು ದಿನಗಳಿಂದ ಕೆಲವು ವಾರಗಳೊಳಗೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರ, ಚಳಿ, ಹೊಲಿಗೆಯ ಸುತ್ತ ಹಬ್ಬುತ್ತಿರುವ ಕೆಂಪು, ಬಿಸಿ, ವಾಸನೆಯ ಕೀವು ಅದರ ಗುರುತುಗಳು. ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಹಾಗಾಗಿ ಅಂಗೈಯ ಹಿಂಭಾಗದಿಂದ ಎರಡೂ ಕಡೆಯ ಬಿಸಿ ಹೋಲಿಸಿ ನೋಡಿ. ಹೊಲಿಗೆ ಬಾಯಿ ಬಿಟ್ಟಿದ್ದರೆ ಮನೆಯಲ್ಲಿದ್ದ ಮುಲಾಮು ಹಚ್ಚಿ ಕೂರಬೇಡಿ.

ಒಂದು ಮೀನಖಂಡ ಊದಿಕೊಂಡು ನೋಯುವುದು, ಒಮ್ಮೆಲೇ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವ ನೋವು, ಕೆಮ್ಮಿದಾಗ ರಕ್ತ: ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದಾಗ, ಆ ಹೆಪ್ಪು ಶ್ವಾಸಕೋಶಕ್ಕೆ ಹೋದಾಗ ಹೀಗಾಗುತ್ತದೆ. ಸರ್ಜನ್ನಿಗೆ ಫೋನ್ ಮಾಡಿ ಉತ್ತರಕ್ಕೆ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಎದೆಯ ಆಪರೇಷನ್ ಆಗಿದೆ, ಎದೆ ನೋವು ಸಹಜ ಅಂತ ಸಮಾಧಾನ ಮಾಡಿಕೊಳ್ಳುವ ಅಪಾಯ ಇರುವುದು ಇಲ್ಲೇ.

ಎರಡನೇ ವಾರ: ಚೆನ್ನಾಗಿದ್ದೀನಿ ಅನಿಸುವ ಹೊತ್ತು

ಈಗ ಮಾತ್ರೆ ಬೇಡವಾಗಿರುತ್ತದೆ. ಕೂತು ಮಾಡುವ ಕೆಲಸದವರು ಒಂದು ವಾರ, ಹತ್ತು ದಿನಕ್ಕೆ ಕೆಲಸಕ್ಕೂ ಹೋಗುತ್ತಾರೆ. ಭಾರ ಎತ್ತುವ, ದಿನವಿಡೀ ನಿಲ್ಲುವ ಕೆಲಸವಾದರೆ ಮೂರರಿಂದ ಆರು ವಾರ ಬೇಕಾಗಬಹುದು.

ಒಳಗಿನ ಪರಿಸ್ಥಿತಿ ಬೇರೆ. ಇಂಪ್ಲಾಂಟಿಗಾಗಿ ಮಾಡಿದ ಜಾಗದ ಗೋಡೆ ಇನ್ನೂ ಗಟ್ಟಿಯಾಗಿಲ್ಲ. ದೇಹ ಇಂಪ್ಲಾಂಟಿನ ಸುತ್ತ ತೆಳುವಾದ ಪೊರೆ ಕಟ್ಟಲು ಈಗಷ್ಟೇ ಶುರು ಮಾಡಿದೆ. ಈ ಹೊತ್ತಲ್ಲಿ ಜೋರಾಗಿ ಎಳೆದರೆ, ಭಾರ ಎತ್ತಿದರೆ, ಹೊಲಿಗೆ ಎಳೆಯಬಹುದು, ರಕ್ತ ಒಸರಬಹುದು, ಇಂಪ್ಲಾಂಟ್ ಜಾಗ ಬಿಟ್ಟು ಸರಿಯಬಹುದು. ಎರಡು ಮೂರು ಕಿಲೋಗಿಂತ ಜಾಸ್ತಿ ಎತ್ತುವುದಕ್ಕೆ ಸರ್ಜನ್ ಒಪ್ಪಿಗೆ ಬೇಕು. ತುಂಬಿದ ಬಕೆಟ್, ಸಾಮಾನಿನ ಚೀಲ, ಗ್ಯಾಸ್ ಸಿಲಿಂಡರ್ ಜರುಗಿಸುವುದು, ಮಗು, ಲಗೇಜು ಎಲ್ಲವೂ ಈ ಲೆಕ್ಕದಲ್ಲಿ ಬರುತ್ತವೆ. ನೆಲ ಒರೆಸುವುದು, ಬಟ್ಟೆ ಹಿಂಡುವುದು, ಕಿಟಕಿ ತಿಕ್ಕುವುದು ಇವುಗಳಲ್ಲಿ ಭಾರ ಇಲ್ಲ ಅಲ್ವಾ ಅಂತ ಅನಿಸುತ್ತದೆ. ಆದರೆ ಎದೆಯ ಸ್ನಾಯು ಮತ್ತೆ ಮತ್ತೆ ದುಡಿಯುವುದು ಇಂಥದ್ದರಲ್ಲೇ.

ಹಾಗಂತ ಕೈಯನ್ನು ಪಕ್ಕಕ್ಕೆ ಕಟ್ಟಿಕೊಂಡು ಕೂರುವುದೂ ಸರಿಯಲ್ಲ. ಭುಜ ಹಿಡಿದುಕೊಂಡರೆ ಅದನ್ನು ಬಿಡಿಸುವುದೇ ಇನ್ನೊಂದು ಪಾಡು. ಮೊಣಕೈ ಮಡಚಿ ಬಿಚ್ಚುವುದು, ಭುಜವನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುವುದು, ಮುಖ ತೊಳೆಯುವಷ್ಟು ಕೈ ಎತ್ತುವುದು ಮಾಡುತ್ತಿರಿ.

ಗಾಡಿ ಓಡಿಸುವುದಕ್ಕೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಅನ್ನುತ್ತಾರೆ. ದಿನ ಎಣಿಸುವುದಕ್ಕಿಂತ ಪರೀಕ್ಷೆ ಮಾಡಿ ನೋಡುವುದು ಮೇಲು. ಮಂಪರು ತರುವ ಮಾತ್ರೆ ಪೂರ್ತಿ ನಿಂತಿರಬೇಕು. ನಿಂತ ಕಾರಿನಲ್ಲಿ ಕೂತು ಸ್ಟೀರಿಂಗನ್ನು ಪಟ್ಟನೆ ತಿರುಗಿಸಿ, ಬ್ರೇಕ್ ಒತ್ತಿ, ಕತ್ತು ತಿರುಗಿಸಿ ಹಿಂದೆ ನೋಡಿ. ಎಲ್ಲಿಯೂ ತಡವರಿಸದಿದ್ದರೆ ಹೊರಡಬಹುದು. ಸೀಟ್ ಬೆಲ್ಟ್ ಒತ್ತುತ್ತದೆ ಅಂತ ಅದನ್ನು ಕಂಕುಳ ಕೆಳಗೆ ಹಾಕಿಕೊಳ್ಳಬೇಡಿ, ನಡುವೆ ಮೆತ್ತಗಿನ ಬಟ್ಟೆ ಇಟ್ಟುಕೊಳ್ಳಿ. ದ್ವಿಚಕ್ರ ವಾಹನದಲ್ಲಿ ಕೈ ಮೇಲೆ ಭಾರ ಬೀಳುತ್ತದೆ, ಗುಂಡಿಯ ಏಟು ಎದೆಗೆ ತಟ್ಟುತ್ತದೆ. ಅದಕ್ಕೆ ಇನ್ನೂ ಕೆಲವು ವಾರ ಕಾಯಿರಿ. ದೂರದ ವಿಮಾನ ಪ್ರಯಾಣ ಇದ್ದರೆ ಸರ್ಜನ್ನರನ್ನು ಕೇಳಿಯೇ ಟಿಕೆಟ್ ಮಾಡಿ. ಬೇರೆ ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳುವವರು ವಾಪಸಿನ ಟಿಕೆಟನ್ನು ತೀರಾ ಹತ್ತಿರದ ದಿನಕ್ಕೆ ಇಟ್ಟುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಬ್ರಾ ಮತ್ತು ಮಸಾಜ್

ಆಸ್ಪತ್ರೆಯಲ್ಲಿ ಕೊಟ್ಟ ಸರ್ಜಿಕಲ್ ಬ್ರಾವನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ರಾತ್ರಿ ಹಗಲು ಹಾಕಬೇಕು. ಇಂಪ್ಲಾಂಟ್ ಕೆಳಗಿಳಿಯದೆ ಎತ್ತರದಲ್ಲೇ ಉಳಿದಿದ್ದರೆ ಕೆಲವರಿಗೆ ಮೇಲಿನಿಂದ ಒತ್ತುವ ಪಟ್ಟಿಯನ್ನೂ ಕೊಡುತ್ತಾರೆ. ಎರಡು ಬ್ರಾ ಇದ್ದರೆ ಒಂದನ್ನು ಒಗೆಯಬಹುದು. ಗುರುತು ಮೂಡುವಷ್ಟು ಬಿಗಿ ಬೇಡ. ಕೆಳಗೆ ತಂತಿ ಇರುವ ಬ್ರಾ ಹೊಸ ಮಡಿಕೆಯನ್ನೇ ಒತ್ತುತ್ತದೆ, ಆರು ವಾರದಿಂದ ಮೂರು ತಿಂಗಳು ಅದು ಬೇಡ. ಹೊಸ ಬ್ರಾಗಳಿಗೆ ಈಗಲೇ ದುಡ್ಡು ಸುರಿಯಬೇಡಿ, ಅಳತೆ ಇನ್ನೂ ಬದಲಾಗುತ್ತದೆ.

ಮಸಾಜ್ ವಿಷಯದಲ್ಲಿ ಗೆಳತಿಯ ಮಾತು, ವಿಡಿಯೊ ಯಾವುದನ್ನೂ ನಂಬಬೇಡಿ. ನುಣುಪು ಮೈಯ ಇಂಪ್ಲಾಂಟಿಗೆ ಕೆಲವು ಸರ್ಜನ್‌ಗಳು ಒತ್ತಿ ಸರಿಸುವ ವ್ಯಾಯಾಮ ಹೇಳಿಕೊಡುತ್ತಾರೆ. ಒರಟು ಮೈಯದು ಅಂಟಿಕೊಂಡು ಕೂರಬೇಕು, ಅದನ್ನು ಅಲುಗಾಡಿಸಬಾರದು.

ಹೆದರಿಸುವ, ಆದರೆ ಹೆಚ್ಚಾಗಿ ಏನೂ ಅಲ್ಲದ ಸಂಗತಿಗಳು

ಮೊದಲ ವಾರಗಳಲ್ಲಿ ತಿರುಗಿದಾಗ ಎದೆಯೊಳಗೆ ಗುಳುಗುಳು ಸದ್ದು ಕೇಳಬಹುದು. ಒಳಗೆ ಉಳಿದ ಗಾಳಿ, ದ್ರವದ ಸದ್ದು ಅದು, ದೇಹ ಹೀರಿಕೊಂಡ ಮೇಲೆ ನಿಲ್ಲುತ್ತದೆ. ಕರೆಂಟ್ ಹೊಡೆದ ಹಾಗೆ ಫಳಕ್ಕನೆ ಚುಚ್ಚು ಬಂದು ಹೋದರೆ ನರಗಳು ಎಚ್ಚರಗೊಳ್ಳುತ್ತಿವೆ. ತೊಟ್ಟುಗಳು ಪೂರ್ತಿ ಮರಗಟ್ಟಿರಬಹುದು, ಬಟ್ಟೆ ಸೋಕಿದರೂ ಉರಿಯುವಷ್ಟು ಸೂಕ್ಷ್ಮವಾಗಿರಬಹುದು, ಒಂದು ಕಡೆ ಹಾಗೆ ಇನ್ನೊಂದು ಕಡೆ ಹೀಗೆ ಇರುವುದೂ ಉಂಟು. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಬದಲಾವಣೆ ಹಾಗೇ ಉಳಿಯುತ್ತದೆ. ಚರ್ಮ ಹಿಗ್ಗಿದ್ದಕ್ಕೆ ತುರಿಕೆ ಬರುತ್ತದೆ, ಹೊಲಿಗೆ ಬಿಟ್ಟು ಉಳಿದ ಕಡೆ ಮಾಯಿಶ್ಚರೈಸರ್ ಹಚ್ಚಿ.

ಕೈ ಎತ್ತಿದಾಗ ಮೊಲೆಯ ಕೆಳಗಿನಿಂದ ಹೊಟ್ಟೆಯ ಕಡೆಗೆ ದಾರದಂತೆ ಬಿಗಿಯಾದ ಗೆರೆ ಕಂಡರೆ ಅದು ಹೆಚ್ಚಾಗಿ ಚರ್ಮದ ಕೆಳಗಿನ ಸಣ್ಣ ರಕ್ತನಾಳ ಉರಿಯೂತಗೊಂಡಿದ್ದು. ಮಾಂಡರ್ ಕಾಯಿಲೆ ಅನ್ನುತ್ತಾರೆ. ಹೆಸರಷ್ಟೇ ದೊಡ್ಡದು, ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಒಮ್ಮೆ ತೋರಿಸಿ ಖಚಿತ ಮಾಡಿಕೊಂಡರೆ ಸಾಕು.

ಮೂರನೇ ವಾರದಿಂದ ಮೂರು ತಿಂಗಳು

ನಡಿಗೆಯ ವೇಗ ಹೆಚ್ಚಿಸಿ. ಕಾಲಿನ ವ್ಯಾಯಾಮ, ಸ್ಥಿರ ಸೈಕಲ್ ಮೂರನೇ ನಾಲ್ಕನೇ ವಾರಕ್ಕೆ ಶುರುವಾಗಬಹುದು. ಓಟ, ಜಿಗಿತ ಆರು ವಾರದ ನಂತರ, ಅದೂ ಚೆನ್ನಾಗಿ ಹಿಡಿದಿಡುವ ಸ್ಪೋರ್ಟ್ಸ್ ಬ್ರಾ ಹಾಕಿಕೊಂಡು. ಪುಷ್ ಅಪ್, ಬೆಂಚ್ ಪ್ರೆಸ್, ಕೈ ಮೇಲೆ ಭಾರ ಹಾಕುವ ಯೋಗಾಸನಗಳು ಎಲ್ಲಕ್ಕಿಂತ ಕೊನೆಗೆ, ಎರಡು ಮೂರು ತಿಂಗಳಿಗೆ. ಮಾಡಿದ ಮಾರನೇ ದಿನ ಊತ ಏರಿದ್ದರೆ ದೇಹ ಬೇಡ ಅಂದಿದೆ ಅಂತ ಅರ್ಥ. ಹೊಟ್ಟೆ ಕೆಳಗೆ ಹಾಕಿ ಮಲಗುವುದಕ್ಕೆ ಕನಿಷ್ಠ ಆರು ವಾರ ಆಗಲಿ. ದೈಹಿಕ ಸಂಬಂಧದ ಬಗ್ಗೆ ಕೇಳಲು ಮುಜುಗರ ಬೇಡ. ಎದೆಯ ಮೇಲೆ ಭಾರ ಬೀಳದಂತೆ, ಕೈ ತಾಗದಂತೆ ಎರಡು ವಾರದ ನಂತರ ಆಗಬಹುದು ಅಂತ ಹಲವರು ಹೇಳುತ್ತಾರೆ.

ಆಕಾರ ಈಗ ಇಳಿದು ಕೂರತೊಡಗುತ್ತದೆ. ಮೇಲೆ ತುಂಬಿಕೊಂಡಿದ್ದು ಕೆಳಗಿಳಿಯುತ್ತದೆ, ಗಟ್ಟಿ ಹೋಗಿ ಮೆತ್ತಗಾಗುತ್ತದೆ. ಎರಡೂ ಕಡೆ ಒಂದೇ ವೇಗದಲ್ಲಿ ಆಗುವುದಿಲ್ಲ, ಹೆಚ್ಚು ಬಳಸುವ ಕೈಯ ಕಡೆಯದು ತಡವಾಗಬಹುದು. ಮೂರರಿಂದ ಆರು ತಿಂಗಳು ಆಗುವ ಮೊದಲು ಫಲಿತಾಂಶದ ಬಗ್ಗೆ ತೀರ್ಮಾನ ಮಾಡಬೇಡಿ. ಆದರೆ ಮೆತ್ತಗಾಗಿದ್ದ ಮೊಲೆ ಮತ್ತೆ ಗಟ್ಟಿಯಾಗುತ್ತಾ, ಮೇಲಕ್ಕೆ ಏರುತ್ತಾ, ಆಕಾರ ಕೆಟ್ಟರೆ ಸುತ್ತಲಿನ ಪೊರೆ ಬಿಗಿಯುತ್ತಿರಬಹುದು. ಡಾಕ್ಟರುಗಳು ಇದನ್ನು ಬೇಕರ್ ಅಳತೆಯಲ್ಲಿ 1ರಿಂದ 4ರವರೆಗೆ ಗುರುತಿಸುತ್ತಾರೆ. 1 ಅಂದರೆ ಸಹಜ, 4 ಅಂದರೆ ಗಟ್ಟಿ, ಆಕಾರಗೆಟ್ಟಿದ್ದು, ನೋವು.

ಕಲೆ

ಗಾಯ ಪೂರ್ತಿ ಮುಚ್ಚಿ, ಮೇಲಿನ ಹಕ್ಕಳೆ ಉದುರಿದ ಮೇಲೆ, ಅಂದರೆ ಎರಡು ಮೂರು ವಾರಕ್ಕೆ, ಡಾಕ್ಟರ್ ಒಪ್ಪಿದರೆ ಸಿಲಿಕೋನ್ ಜೆಲ್ ಅಥವಾ ಸಿಲಿಕೋನ್ ಹಾಳೆ ಶುರು ಮಾಡಿ, ಎರಡು ಮೂರು ತಿಂಗಳು ಬಿಡದೆ ಬಳಸಿ. ಮೊದಲ ತಿಂಗಳುಗಳಲ್ಲಿ ಕಲೆ ಇನ್ನಷ್ಟು ಗಾಢವಾಗಿ, ಉಬ್ಬಿ ಕಾಣುವುದು ರೂಢಿ. ಅದು ತಿಳಿಯಾಗಲು 12ರಿಂದ 18 ತಿಂಗಳು ಹಿಡಿಯುತ್ತದೆ. ಒಂದು ವರ್ಷ ಬಿಸಿಲು ತಾಗಿಸಬೇಡಿ. ಕಿವಿ ಚುಚ್ಚಿಸಿದ ಜಾಗದಲ್ಲೋ ಹಳೆ ಗಾಯದಲ್ಲೋ ಗಂಟು ಬೆಳೆದ ಅನುಭವ ಇದ್ದರೆ ಆಪರೇಷನ್‌ಗೆ ಮೊದಲೇ ಹೇಳಿ. ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಇಂಥ ಕೀಲಾಯ್ಡ್ ಜಾಸ್ತಿ. ಕಲೆ ಗಾಯದ ಗೆರೆ ದಾಟಿ ಹಬ್ಬುತ್ತಿದ್ದರೆ ಬೇಗ ತೋರಿಸಿ, ಶುರುವಿನಲ್ಲಿ ಇಂಜೆಕ್ಷನ್‌ಗೆ ಬಗ್ಗುತ್ತದೆ.

ವರ್ಷದ ನಂತರವೂ

ಆಸ್ಪತ್ರೆಯಲ್ಲಿ ಒಂದು ಇಂಪ್ಲಾಂಟ್ ಕಾರ್ಡ್ ಕೊಡುತ್ತಾರೆ. ಕಂಪನಿ, ಮಾದರಿ, ಗಾತ್ರ, ಸೀರಿಯಲ್ ನಂಬರ್ ಅದರಲ್ಲಿರುತ್ತದೆ. ಕೊಡದಿದ್ದರೆ ಕೇಳಿ ಪಡೆಯಿರಿ, ಎರಡೂ ಬದಿಯ ಫೋಟೋ ತೆಗೆದು ಮನೆಯವರೊಬ್ಬರಿಗೂ ಕಳಿಸಿಡಿ. 2019ರ ಜುಲೈನಲ್ಲಿ ಅಲರ್ಗಾನ್ ಕಂಪನಿ ತನ್ನ ಬಯೋಸೆಲ್ ಅನ್ನುವ ಒರಟು ಮೈಯ ಇಂಪ್ಲಾಂಟುಗಳನ್ನು ಜಗತ್ತಿನೆಲ್ಲೆಡೆಯ ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಅವುಗಳಿಗೂ ರೋಗನಿರೋಧಕ ಕಣಗಳಲ್ಲಿ ಹುಟ್ಟುವ, ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರಿಗೂ ನಂಟು ಕಂಡಿತ್ತು. ತನ್ನೊಳಗಿರುವುದು ಯಾವುದು ಅಂತ ಗೊತ್ತಾಗಬೇಕಾದರೆ ಆಗ ಬೇಕಾಗಿದ್ದು ಈ ಕಾರ್ಡೇ. ಎಷ್ಟೋ ವರ್ಷಗಳ ಮೇಲೆ ಒಂದು ಕಡೆ ಕಾರಣವಿಲ್ಲದೆ ಊದಿಕೊಂಡರೆ ಈ ಕಾಯಿಲೆಯನ್ನೂ ಪರೀಕ್ಷಿಸಬೇಕು.

ಸಿಲಿಕೋನ್ ಇಂಪ್ಲಾಂಟ್ ಒಡೆದರೆ ಹೊರಗಿನಿಂದ ಗೊತ್ತಾಗದೆ ಇರಬಹುದು. ಅದಕ್ಕೇ ಅಮೆರಿಕದ ಔಷಧಿ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಿಂದ ಹೇಳುತ್ತಿರುವುದು, ಆಪರೇಷನ್ ಆಗಿ ಐದಾರು ವರ್ಷಕ್ಕೆ ಮೊದಲ ಸಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. ಸಲೈನ್, ಅಂದರೆ ಉಪ್ಪುನೀರು ತುಂಬಿದ್ದಾದರೆ ಒಡೆದಾಗ ಕುಗ್ಗಿ ತಾನೇ ತೋರಿಸುತ್ತದೆ. ಯಾವ ಇಂಪ್ಲಾಂಟೂ ಜೀವಮಾನಕ್ಕಂತ ಮಾಡಿದ್ದಲ್ಲ, ಮುಂದೊಂದು ದಿನ ತೆಗೆಸುವ ಇಲ್ಲವೇ ಬದಲಿಸುವ ಆಪರೇಷನ್ ಬರಬಹುದು ಅನ್ನುವುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಮ್ಯಾಮೋಗ್ರಾಂಗೆ, ಅಂದರೆ ಮೊಲೆಯ ಎಕ್ಸ್‌ರೇಗೆ ಹೆಸರು ಬರೆಸುವಾಗಲೇ ಇಂಪ್ಲಾಂಟ್ ಇದೆ ಅಂತ ತಿಳಿಸಿ. ಇಂಪ್ಲಾಂಟನ್ನು ಹಿಂದಕ್ಕೆ ಒತ್ತಿ, ಮೊಲೆಯ ಭಾಗವನ್ನಷ್ಟೇ ಮುಂದೆ ಎಳೆದು ತೆಗೆಯುವ ಹೆಚ್ಚುವರಿ ಚಿತ್ರಗಳು ಬೇಕಾಗುತ್ತವೆ, ಸಮಯವೂ ಜಾಸ್ತಿ ಹಿಡಿಯುತ್ತದೆ.